ನೋಟಿನ ಮೈಮೇಲಿನ ಗುರುತುಗಳು

2016ರ ನವೆಂಬರಿನಿಂದ ಚಲಾವಣೆಗೆ ಬರತೊಡಗಿದ ಮಹಾತ್ಮ ಗಾಂಧಿ ಹೊಸ ಶ್ರೇಣಿಯ ನೋಟುಗಳು ಬಹುಮಟ್ಟಿಗೆ ತಮ್ಮ ಹಿಂಬದಿಯಲ್ಲಿ ನಾಡಿನ ಒಂದೊಂದು ಸ್ಮಾರಕವನ್ನು ಧರಿಸಿರುವುವು. ಇಪ್ಪತ್ತರಲ್ಲಿ ಎಲ್ಲೋರ, ನೂರರಲ್ಲಿ ಗುಜರಾತಿನ ರಾಣಿ ಕಿ ವಾವ್, ಐನೂರರಲ್ಲಿ ಕೆಂಪುಕೋಟೆ, ಐವತ್ತರ ನೀಲಿ ನೋಟಿನಲ್ಲಿ ನಮ್ಮ ಹಂಪೆಯ ಕಲ್ಲಿನ ರಥ. ಅದೇ ಬದಿಯಲ್ಲಿ ಮೌಲ್ಯವನ್ನು ಬರೆದಿರುವ ಭಾಷೆಗಳ ಪಟ್ಟಿಯಲ್ಲಿ ಕನ್ನಡದ್ದು ನಾಲ್ಕನೆಯ ಸಾಲು.

ಅಂದವೇನೋ ಸರಿ, ಆದರೆ ಈ ಚಿತ್ರಕರ್ಮದ ನಿಜವಾದ ಕೌಶಲವಿರುವುದು ರಕ್ಷಣೆಯಲ್ಲಿ. 66 ಮಿಲಿಮೀಟರ್ ಅಗಲ, 150 ಮಿಲಿಮೀಟರ್ ಉದ್ದದ ಐನೂರರ ನೋಟನ್ನು ಬೆಳಕಿಗೆ ಹಿಡಿದರೆ, ಬರಿದಾಗಿ ತೋರುತ್ತಿದ್ದ ಬಿಳಿಯ ಭಾಗದಲ್ಲಿ ಗಾಂಧೀಜಿಯವರ ಮುಖವೂ ಅದರ ಪಕ್ಕದಲ್ಲಿ 500 ಎಂಬ ಅಂಕಿಯೂ ಮೂಡುವುವು. ಏಕೆಂದರೆ ಈ ನೀರುಗುರುತು ಮಸಿಯಿಂದ ಬರೆದುದಲ್ಲ, ಕಾಗದವು ತಯಾರಾಗುವಾಗಲೇ ಅದರ ದಪ್ಪವನ್ನು ಹೆಚ್ಚುಕಡಿಮೆ ಮಾಡಿ ಒಡಲೊಳಗೆ ಮೂಡಿಸಿದುದು. ನೋಟನ್ನು ಕೊಂಚ ಓರೆಮಾಡಿದರೆ ಭದ್ರತಾ ಎಳೆಯ ಹಸಿರು ನೀಲಿಗೆ ತಿರುಗುವುದು. ಕೆಳಗಣ ಬಲಮೂಲೆಯ ರೂಪಾಯಿ ಅಂಕಿಯದೂ ಅದೇ ಗುಣ. ಛಾಯಾಪ್ರತಿ ಯಂತ್ರವು ಎಷ್ಟೇ ನಿಪುಣವಾದರೂ ಒಂದು ಕ್ಷಣದ ಬಣ್ಣವನ್ನು ಮಾತ್ರ ಹಿಡಿಯಬಲ್ಲುದಲ್ಲದೆ ಬದಲಾವಣೆಯನ್ನು ಹಿಡಿಯಲಾರದು.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದುದು ಅಂಚಿನ ಉಬ್ಬುಗೆರೆಗಳು. ನೂರರಲ್ಲಿ ನಾಲ್ಕು, ಇನ್ನೂರರಲ್ಲಿ ನಾಲ್ಕರ ನಡುವೆ ಎರಡು ವೃತ್ತ, ಐನೂರರಲ್ಲಿ ಐದು. ದೃಷ್ಟಿಹೀನರು ಬೆರಳಿನಿಂದಲೇ ಮೌಲ್ಯವನ್ನು ಅರಿಯಲೆಂದು ಮಾಡಿದ ಏರ್ಪಾಡು ಇದು. ಕೈಯಿಂದ ಕೈಗೆ ಸವೆದ ನೋಟಿನಲ್ಲಿ ಈ ಉಬ್ಬು ಮಂಕಾಗುವುದೊಂದೇ ಕೊರತೆ.

ನೋಟು ಅಸಲಿಯೇ ಎಂಬ ಸಂಶಯ ಬಂದಾಗ ಓದುಗರು ಒಂದೇ ಗುರುತನ್ನು ನೆಚ್ಚದೆ, ನೀರುಗುರುತು, ಎಳೆ, ಉಬ್ಬು ಈ ಮೂರನ್ನೂ ಪರೀಕ್ಷಿಸಿ ನೋಡಬೇಕು.