ರಸ್ತೆಯ ಮೇಲೂ ಸಹಕಾರ: ಡೀಸೆಲ್ ಉಳಿತಾಯದ ಒಂದು ಮಾರ್ಗ



ಕಾಫಿ, ಅಡಿಕೆಗೆ ನಮ್ಮ ಕೈಸೇರುವ ಬೆಲೆ ಲಾರಿ ಬಾಡಿಗೆ ಕಳೆದು ಬರುವಂಥದು. ಆ ಬಾಡಿಗೆಯ ದೊಡ್ಡ ಪಾಲು ಡೀಸೆಲ್ಲಿನದು. ಆದ್ದರಿಂದ ಅದು ರಸ್ತೆಯಲ್ಲಿ ಹೇಗೆ ಪೋಲಾಗುತ್ತದೆಂದು ತಿಳಿಯುವುದು ನಮಗೂ ಅಗತ್ಯ.

ಸರಕು ಸೇರಿ 10 ಟನ್ ತೂಗುವ ಲಾರಿ ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದು, ಬ್ರೇಕ್ ಹಾಕಿ ನಿಂತು, ಮತ್ತೆ ಅದೇ ವೇಗಕ್ಕೆ ಏರಲು ಸುಮಾರು 100 ಮಿಲಿಲೀಟರ್ ಡೀಸೆಲ್ ಬೇಕಾಗುತ್ತದೆ. ಹತ್ತು ಸಲ ಹೀಗಾದರೆ ಒಂದು ಲೀಟರ್ ಬರಿದೇ ಹೋದಂತೆ.

ಕಾರಣವಿಲ್ಲದೆ ವಾಹನಗಳು ನಿಲ್ಲುವುದುಂಟೆ? ಉಂಟು. ಜಪಾನಿನ ವಿಜ್ಞಾನಿಗಳು 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಓಡಿಸಿ ನೋಡಿ, ಫಲಿತಾಂಶವನ್ನು 2008ರಲ್ಲಿ ಪ್ರಕಟಿಸಿದರು. ಅಲ್ಲಿ ಅಡ್ಡರಸ್ತೆಯಿಲ್ಲ, ಗುಂಡಿಯಿಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲೇ ದಟ್ಟಣೆ ಹುಟ್ಟಿತು. ಒಬ್ಬನು ತುಸು ನಿಧಾನಿಸಿದರೆ ಹಿಂದಿನವನು ಇನ್ನಷ್ಟು ನಿಧಾನಿಸುತ್ತಾನೆ. ಕೊನೆಗೆ ಹಿಂದೆಲ್ಲೋ ಒಬ್ಬನು ನಿಂತೇಬಿಡುತ್ತಾನೆ.

ಇದಕ್ಕೆ ಪರಿಹಾರವೂ ಕಂಡಿದೆ. ಅಮೆರಿಕದ ಅರಿಜೋನಾದಲ್ಲಿ ಇಂಥದೇ ವೃತ್ತದಲ್ಲಿ 20ಕ್ಕೂ ಹೆಚ್ಚು ಕಾರುಗಳ ನಡುವೆ ಒಂದೇ ಒಂದು ಕಾರಿನ ವೇಗವನ್ನು ಕಂಪ್ಯೂಟರಿಗೆ ಒಪ್ಪಿಸಲಾಯಿತು. ಅದು ಮುಂದೆ ಅಂತರ ಬಿಟ್ಟು ಒಂದೇ ಹದದಲ್ಲಿ ಸಾಗಿದಾಗ ನಿಲುಗಡೆಯ ಅಲೆ ಅಡಗಿತು. ಎಲ್ಲ ಕಾರುಗಳ ಒಟ್ಟು ಇಂಧನ ಖರ್ಚು ಶೇ. 40ರವರೆಗೆ ಇಳಿಯಿತೆಂದು 2018ರ ವರದಿ ಹೇಳುತ್ತದೆ. 2022ರ ನವೆಂಬರಿನಲ್ಲಿ ನ್ಯಾಶ್‌ವಿಲ್ ಬಳಿಯ ಹೆದ್ದಾರಿಯಲ್ಲಿ 100 ವಾಹನಗಳೊಂದಿಗೆ ಪ್ರಯೋಗ ನಡೆಯಿತು. ಮುಂದಿನ ದಟ್ಟಣೆಯ ಸಮಾಚಾರ ಮೊದಲೇ ದೊರೆತು, ಅವು ವೇಗವನ್ನು ಹೊಂದಿಸಿಕೊಳ್ಳುವಂತೆ ಏರ್ಪಡಿಸಲಾಗಿತ್ತು.

ಇಲ್ಲೊಂದು ತೊಡಕಿದೆ. ಉಪಕರಣದ ಖರ್ಚು ಒಬ್ಬನದು, ಲಾಭ ಹಿಂದೆ ಬರುವ ಎಲ್ಲರದು. ಹಾಗಾದರೆ ಯಾರು ಮೊದಲು ಕೊಳ್ಳಬೇಕು? ಎಲ್ಲರಿಗೂ ಆಗುವ ಲಾಭಕ್ಕೆ ಎಲ್ಲರೂ ಪಾಲು ಹಾಕಬೇಕೆಂಬುದು ಸಹಕಾರಿಗಳಾದ ನಮಗೆ ಹೊಸ ಪಾಠವೇನಲ್ಲ.

ವೃತ್ತದಲ್ಲಿ ಕಂಡ ಲಾಭ ಬಸ್ಸು, ಬೈಕು, ದನಕರು ಎಲ್ಲವೂ ಓಡಾಡುವ ನಮ್ಮ ಘಾಟಿಯಲ್ಲಿ ಅಷ್ಟೇ ಸಿಗಲಾರದು. ಆದರೆ ಅದರ ತತ್ತ್ವಕ್ಕೆ ಯಂತ್ರ ಬೇಕಿಲ್ಲ. ತಮ್ಮ ಚಾಲಕರಿಗೆ ಇಷ್ಟು ತಿಳಿಸಿರಿ: ಮುಂದಿನ ಗಾಡಿಗೆ ಅಂಟಿಕೊಂಡು ಹೋಗಬಾರದು. ಮುಂದೆ ದಟ್ಟಣೆ ಕಂಡೊಡನೆ ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ಇಳಿಜಾರಿನಲ್ಲಿ ಗೇರಿನಲ್ಲೇ ಇಳಿಯಬೇಕು; ನ್ಯೂಟ್ರಲ್ ಮಾಡುವುದು ಉಳಿತಾಯವಲ್ಲ, ಅಪಾಯ.

— ಕಾರ್ಯದರ್ಶಿ