ನೀರಿನಲ್ಲಿ ಅಡಗಿದ ಎಣ್ಣೆ

ಎಣ್ಣೆಯೂ ನೀರೂ ಕೂಡುವದಿಲ್ಲವೆಂಬದು ಅಡಿಗೆಮನೆಯನ್ನು ಬಲ್ಲ ಎಲ್ಲರಿಗೂ ತಿಳಿದ ಸಂಗತಿ. ನೀರಿಗೆ ಶೇಂಗಾ ಎಣ್ಣೆಯನ್ನು ಸುರಿದರೆ ಅದು ತುಸು ಹೊತ್ತಿನಲ್ಲಿಯೇ ಮೇಲಕ್ಕೆ ಬಂದು ತೇಲುವದು, ಸೌಟಿನಿಂದ ತೆಗೆದುಬಿಡಬಹುದು. ಆದರೆ ಅದಕ್ಕೆ ಸಾಬೂನು ಕೂಡಿಸಿ ಕಲಕಿದರೆ ನೀರೆಲ್ಲ ಹಾಲಿನಂತೆ ಬೆಳ್ಳಗಾಗಿ ಎಣ್ಣೆಯು ಕಾಣದಂತಾಗುವದು. ಎಣ್ಣೆ ಹೋಯಿತೆಂದು ನಾವು ತಿಳಿಯುವೆವು. ನಿಜವಾಗಿ ಅದು ಹೋಗಿಲ್ಲ, ಅಡಗಿದೆ. ಇಂಥ ಮಿಶ್ರಣಕ್ಕೆ ಎಮಲ್ಶನ್ ಎಂದು ಹೆಸರು. ಅಡಗಿದ ಎಣ್ಣೆಯನ್ನು ಮರಳಿ ಹೊರತೆಗೆಯುವ ಬಗೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ಇಲ್ಲಿ ವಿವರಿಸಬಯಸುತ್ತೇವೆ.

ಲೇಥು ಯಂತ್ರದಲ್ಲಿ ಲೋಹವನ್ನು ಕಡೆಯುವಾಗ ಕಾವು ಹೆಚ್ಚದಂತೆ ಹಾಲುಬಣ್ಣದ ಒಂದು ದ್ರವವನ್ನು ಸುರಿಯುತ್ತಾರೆ. ಕೆಲಸಗಾರರು ಇದಕ್ಕೆ ಕೂಲಂಟು ಎನ್ನುವರು. ಇದು ಎಣ್ಣೆ ಅಡಗಿದ ನೀರೇ. ನಮಗೆ ನೆರೆಯ ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಂಪನಿಯು ಇಂಥ ಲೇಥುಗಳನ್ನು ತಯಾರಿಸುತ್ತಿದ್ದಿತು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿಯೂ ಬೆಳಗಾವಿಯ ಉದ್ಯಮಬಾಗದಲ್ಲಿಯೂ ಯಂತ್ರಶಾಲೆಗಳು ಇಂದಿಗೂ ಉಂಟು. ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರುಗಳಲ್ಲಿ ದೊಡ್ಡ ಕಾರಖಾನೆಗಳು ವಿರಳವಾದರೂ ಟ್ರ್ಯಾಕ್ಟರು ಮೋಟಾರುಗಳ ಗ್ಯಾರೇಜುಗಳಿಗೆ ಕೊರತೆಯಿಲ್ಲ. ಗಾಡಿಯ ಜಿಡ್ಡನ್ನು ಸಾಬೂನಿನ ಪುಡಿಯಿಂದ ತೊಳೆದ ನೀರೂ ಇದೇ ಜಾತಿಯದು. ಅದು ಗಟಾರ ಹಿಡಿದು ಹಳ್ಳಕ್ಕೂ ಕೆರೆಗೂ, ಕಡೆಗೆ ವರದೆಗೋ ಕುಮುದ್ವತಿಗೋ ಸೇರಿ ತುಂಗಭದ್ರೆಯನ್ನು ಮುಟ್ಟುವದು.

ಈ ಎಣ್ಣೆಯು ತಾನಾಗಿ ಯಾಕೆ ಮೇಲಕ್ಕೆ ಬರುವದಿಲ್ಲ? ಹನಿಯ ಅಡ್ಡಳತೆಯು ಹತ್ತು ಪಾಲು ಕಿರಿದಾದರೆ ಅದು ಏರುವ ವೇಗವು ನೂರು ಪಾಲು ಕಡಿಮೆಯಾಗುವದು. ಮಿಲಿಮೀಟರಿನ ಹತ್ತರಲ್ಲೊಂದಂಶದ ಹನಿಯು ಒಂದು ಮೀಟರು ಏರಲು ಸುಮಾರು ಅರ್ಧ ಗಂಟೆ ಸಾಕು. ನೂರರಲ್ಲೊಂದಂಶದ್ದಕ್ಕೆ ಸುಮಾರು ಎರಡು ದಿನ. ಸಾವಿರದಲ್ಲೊಂದಂಶದ್ದಕ್ಕೆ ಆರು ತಿಂಗಳಿಗೂ ಮಿಕ್ಕಿ ಕಾಲ ಬೇಕು. ಅದಲ್ಲದೆ ಸಾಬೂನು ಪ್ರತಿ ಹನಿಗೂ ಹೊದಿಕೆಯಾಗಿ ನಿಂತು ಋಣವಿದ್ಯುತ್ತನ್ನು ಕೊಡುವದರಿಂದ ಹನಿಗಳು ಒಂದನ್ನೊಂದು ದೂಡುತ್ತವೆ, ಕೂಡಿ ದೊಡ್ಡವಾಗುವದಿಲ್ಲ.

ಆದ್ದರಿಂದ ಹಾಲಿಗೆ ನಿಂಬೆಯ ಹುಳಿ ಹಿಂಡಿ ಒಡೆಯುವಂತೆ ಈ ಮಿಶ್ರಣವನ್ನೂ ಒಡೆಯಬೇಕು. ಮೊದಲು ತೊಟ್ಟಿಯಲ್ಲಿ ನೀರನ್ನು ನಿಲ್ಲಿಸಿ ತಾನಾಗಿ ತೇಲಿದ ಎಣ್ಣೆಯನ್ನು ತೆಗೆಯುವರು. ಬಳಿಕ ಗಂಧಕಾಮ್ಲವನ್ನಾಗಲಿ, ಪಟಿಕವನ್ನಾಗಲಿ, ಕಬ್ಬಿಣದ ಲವಣವನ್ನಾಗಲಿ ಕೂಡಿಸುವರು. ಮಳೆಗಾಲದ ಕೆಂಪು ನೀರಿನ ಕೊಡದಲ್ಲಿ ನಮ್ಮ ಅಜ್ಜಿಯರು ಆಡಿಸುತ್ತಿದ್ದ ಪಟಿಕವೇ ಇದು. ಅದರ ಧನವಿದ್ಯುತ್ತು ಹನಿಗಳ ಋಣವಿದ್ಯುತ್ತನ್ನು ಅಡಗಿಸಲು ಹನಿಗಳು ಕೂಡಿಕೊಂಡು, ಪಟಿಕದಿಂದಾದ ಹಿಂಜಿದ ಅರಳೆಯಂಥ ಮುದ್ದೆಗಳಲ್ಲಿ ಸಿಕ್ಕುವವು. ಪ್ರಮಾಣ ಹೆಚ್ಚಾದರೆ ಹನಿಗಳೆಲ್ಲ ಧನವಿದ್ಯುತ್ತನ್ನು ತಾಳಿ ಪುನಃ ಅಗಲುವದುಂಟು. ಆದಕಾರಣ ಆರು ಗಾಜಿನ ಪಾತ್ರೆಗಳಲ್ಲಿ ಅದೇ ನೀರನ್ನು ತುಂಬಿ, ಒಂದೊಂದಕ್ಕೆ ಒಂದೊಂದು ಪ್ರಮಾಣದಲ್ಲಿ ಪಟಿಕವಿಟ್ಟು ಮೊದಲು ಪರೀಕ್ಷಿಸುವರು. ಕಡೆಯಲ್ಲಿ ಒತ್ತಡದಿಂದ ಗಾಳಿಯನ್ನು ಕರಗಿಸಿದ ನೀರನ್ನು ತೊಟ್ಟಿಗೆ ಬಿಟ್ಟರೆ ಸೂಕ್ಷ್ಮ ಗುಳ್ಳೆಗಳು ಎದ್ದು ಮುದ್ದೆಗಳನ್ನು ಮೇಲಕ್ಕೆ ಹೊತ್ತು ತರುವವು. ಅದನ್ನು ಕೆನೆಯಂತೆ ತೆಗೆಯಬಹುದು. ಆಮ್ಲವನ್ನು ಬಳಸಿದಲ್ಲಿ ಹೊರಬಿಡುವ ಮುನ್ನ ಸುಣ್ಣದಿಂದ ನೀರಿನ ಹುಳಿಯನ್ನು ಕಳೆಯಬೇಕು. ತೆಗೆದ ಕೆನೆಯನ್ನು ಹಿತ್ತಲಿಗೆ ಚೆಲ್ಲಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಅದನ್ನು ಪರವಾನಿಗೆಯುಳ್ಳವರಿಗೇ ಒಪ್ಪಿಸತಕ್ಕದ್ದು.

1986ರ ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ ನದಿ-ಕೆರೆಗಳಿಗೆ ಬಿಡುವ ಮಲಿನ ನೀರಿನಲ್ಲಿ ಸಾಮಾನ್ಯವಾಗಿ ಲೀಟರಿಗೆ 10 ಮಿಲಿಗ್ರಾಮಿಗಿಂತ ಹೆಚ್ಚು ಎಣ್ಣೆ-ಜಿಡ್ಡು ಇರಕೂಡದು. ಲೆಕ್ಕ ಹಾಕಿ ನೋಡಿರಿ: ಒಂದು ಲೀಟರು ಎಣ್ಣೆಯು ಸುಮಾರು 90,000 ಲೀಟರು ನೀರನ್ನು ಈ ಮೇರೆಗೆ ತರಬಲ್ಲದು. ನೀರಿನ ಮೇಲೆ ಎಣ್ಣೆಯ ಪದರು ಹರಡಿದರೆ ಗಾಳಿಯು ಒಳಗೆ ಇಳಿಯದು. ಮೀನುಗಳ ಕಿವಿರುಗಳಿಗೆ ಜಿಡ್ಡು ಮೆತ್ತುವದು. ದನಕರುಗಳು ಅದೇ ನೀರನ್ನು ಕುಡಿಯಬೇಕಾಗುವದು.

ಗ್ಯಾರೇಜು ಮುಚ್ಚಲೆಂಬದು ನಮ್ಮ ಮಾತಲ್ಲ. ಅದರಿಂದ ಎಷ್ಟೋ ಮನೆಗಳಲ್ಲಿ ಒಲೆ ಉರಿಯುತ್ತದೆ. ಸುಲಭವಾದ ಉಪಾಯವೇನಂದರೆ, ಎಣ್ಣೆಯನ್ನು ಮೊದಲೇ ಅಡಗಗೊಡದಿರುವದು. ಜಿಡ್ಡನ್ನು ಅರಿವೆಯಿಂದಲೂ ಮರದ ಹೊಟ್ಟಿನಿಂದಲೂ ಒರಸಿ ತೆಗೆದ ಮೇಲೆಯೇ ಸಾಬೂನು ಹಚ್ಚಬೇಕು. ಹಳೆಯ ಎಂಜಿನ್ ಎಣ್ಣೆಯನ್ನು ಡಬ್ಬಿಯಲ್ಲಿ ಕೂಡಿಡಬೇಕು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಶಿಕ್ಷಕಿಯರಿದ್ದಾರೆ, ಪಂಚಾಯತಿಯ ಸದಸ್ಯೆಯರಿದ್ದಾರೆ, ಕಸುಬುದಾರರ ಮನೆಯ ಯಜಮಾನಿಯರಿದ್ದಾರೆ. ನಿಮ್ಮೂರ ಗಟಾರದಲ್ಲಿ ಹಾಲಿನಂಥ ನೀರು ಹರಿಯುವದನ್ನು ಕಂಡರೆ, ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಗುವದು ಎಂದು ಕೇಳಿರಿ. ಅಷ್ಟು ಕೇಳುವ ಧೈರ್ಯವನ್ನೂ ತಿಳಿವಳಿಕೆಯನ್ನೂ ಹೆಣ್ಣುಮಕ್ಕಳಿಗೆ ಕೊಡದ ವಿದ್ಯೆಯಿಂದ ಫಲವೇನು?