ನೋವಿನ ಅನುವಾದ

ನೋವಿನ ಸ್ವರೂಪವನ್ನು ಅರಿಯಲು ರೊನಾಲ್ಡ್ ಮೆಲ್‌ಜಾಕ್ 1975ರಲ್ಲಿ ಪ್ರಕಟಿಸಿದ ಮೆಕ್‌ಗಿಲ್ ಪ್ರಶ್ನಾವಳಿಯಲ್ಲಿ 20 ಗುಂಪುಗಳಾಗಿ 78 ಪದಗಳಿವೆ. ಇಂಥದನ್ನು ಕನ್ನಡಿಸಲು ನಿಘಂಟೊಂದೇ ಸಾಲದು. ನಮ್ಮ ಕಾಸರಗೋಡಿನಲ್ಲಿಯೇ ನೋಡಿ: ಮಲಯಾಳಂನಲ್ಲಿ ಹಲ್ಲುನೋವೂ ‘ವೇದನ’, ಕನ್ನಡದ ‘ವೇದನೆ’ ಬಹುಮಟ್ಟಿಗೆ ಮನಸ್ಸಿನದು. ಮರಾಠಿಯಲ್ಲಿ ತಲೆಯೂ ‘ದುಖತೇ’. ಕನ್ನಡದಲ್ಲಿ ದುಃಖಿಸುವುದು ಮನಸ್ಸು ಮಾತ್ರ. ಪದ ತಪ್ಪಿದರೆ ಮೊಣಕಾಲಿನ ನೋವು ಮನೋವ್ಯಥೆಯೆಂದು ದಾಖಲಾದೀತು.

ಆದುದರಿಂದ ಅನುವಾದವನ್ನು, ಮೂಲವನ್ನು ಕಾಣದ ಇನ್ನೊಬ್ಬರು ಮರಳಿ ಮೂಲಭಾಷೆಗೆ ತರುತ್ತಾರೆ. ವ್ಯತ್ಯಾಸ ಕಂಡಲ್ಲಿ ತಿದ್ದಿ, ರೋಗಿಗಳಿಂದ ಓದಿಸಿ, ಅವರಿಗೆ ಅರ್ಥವಾದುದೇನೆಂದು ಕೇಳುತ್ತಾರೆ. ನೋವು ಬದಲಾಗದ ರೋಗಿ ಕೆಲದಿನಗಳ ಬಳಿಕವೂ ಹೆಚ್ಚುಕಡಿಮೆ ಅದೇ ಉತ್ತರವಿತ್ತರೆ ಪ್ರಶ್ನಾವಳಿ ವಿಶ್ವಸನೀಯ. ಅಳೆಯಬೇಕಾದುದನ್ನೇ ಅಳೆದರೆ ಸಪ್ರಮಾಣ. ಚಳುಕು, ಸೆಳೆತ, ಸಿಡಿತ, ಉರಿ ಇವುಗಳ ಅರ್ಥಭೇದವನ್ನು ಬಲ್ಲ ಭಾಷಾವಿದ್ಯಾರ್ಥಿಗೂ ಇಲ್ಲಿ ಕೆಲಸವಿದೆ.